‘ಸ್ವೀಟ್ ಸಿಕ್ಸ್‌ಟೀನ್’ ನಿಷೇಧಕ್ಕೆ ಒಳಗಾಗಿರಲಿಲ್ಲ: ಒಂದು ಸ್ಪಷ್ಟನೆ

ಕೆನ್ ಲೋಚ್ ನಿರ್ದೇಶನದ 2002ರ ‘ಸ್ವೀಟ್ ಸಿಕ್ಸ್‌ಟೀನ್’ ಚಿತ್ರವನ್ನು ಮಾದಕವಸ್ತು ಮತ್ತು ಹಿಂಸೆಯ ದೃಶ್ಯಗಳಿಗಾಗಿ ಬ್ರಿಟನ್ನಿನಲ್ಲಿ ನಿಷೇಧಿಸಲಾಗಿತ್ತು ಎಂಬ ಮಾತು ಹರಿದಾಡುತ್ತಿದೆ. ಇದು ನಿಜವಲ್ಲ. ಅಲ್ಲಿನ ಸೆನ್ಸಾರ್ ಮಂಡಳಿಯು ಚಿತ್ರಕ್ಕೆ ‘18’ ಪ್ರಮಾಣಪತ್ರ ನೀಡಿತ್ತು. ಎಂದರೆ, ಹದಿನೆಂಟು ತುಂಬದವರಿಗೆ ಚಿತ್ರಮಂದಿರದಲ್ಲಿ ಪ್ರವೇಶವಿರಲಿಲ್ಲ, ಉಳಿದವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಅದಕ್ಕೆ ಮುಖ್ಯ ಕಾರಣವೂ ಹಿಂಸೆಯಲ್ಲ, ಸಂಭಾಷಣೆಯಲ್ಲಿ ಮತ್ತೆ ಮತ್ತೆ ಬರುವ ಕಟುವಾದ ಬೈಗುಳ.

ಬೈಗುಳ ತೆಗೆದುಹಾಕಿದ್ದರೆ ಚಿತ್ರದ ಹುಡುಗರ ನಿಜರೂಪವೇ ಉಳಿಯುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಕಾಟ್ಲೆಂಡಿನ ಗ್ರೀನಕ್ ಸುತ್ತಮುತ್ತ, ಹಡಗುಕಟ್ಟೆಗಳ ಕೆಲಸ ಕಳೆದುಕೊಂಡ ಊರುಗಳಲ್ಲಿ, ದುಡಿಯುವ ವರ್ಗದ ಮಕ್ಕಳು ಆಡುವ ಮಾತನ್ನೇ ಚಿತ್ರ ಕೇಳಿಸುತ್ತದೆ. ಆರಂಭದಲ್ಲಿ ಮಕ್ಕಳಿಗೆ ದೂರದರ್ಶಕದಲ್ಲಿ ಶನಿಗ್ರಹ ತೋರಿಸಿ ಚಿಲ್ಲರೆ ಕಾಸು ಪಡೆಯುವ ಲಿಯಮ್, ಜೈಲಿನಿಂದ ಬಿಡುಗಡೆಯಾಗಲಿರುವ ತಾಯಿಗಾಗಿ ಮನೆಯಂತೆ ವಾಸಿಸಬಹುದಾದ ಒಂದು ಕ್ಯಾರವಾನ್ ಕೊಳ್ಳುವ ಆಸೆಯಿಂದ ಮಾದಕವಸ್ತು ಮಾರಾಟಕ್ಕೆ ಇಳಿಯುತ್ತಾನೆ. ಅವನಿಗಿನ್ನೂ ಹದಿನಾರು ತುಂಬಿಲ್ಲ. ಅವನ ವಯಸ್ಸಿನವರೇ ಈ ಚಿತ್ರ ನೋಡಲಾಗದಂತಾದದ್ದು ನೋವಿನ ಸಂಗತಿ.

ಇನ್ನೊಂದು ವಿಷಯವನ್ನೂ ಹೇಳಬೇಕು. ಮಂಡಳಿಯ ನಿರ್ಧಾರವನ್ನು ಬದಿಗಿಡುವ ಅಧಿಕಾರ ಅಲ್ಲಿನ ಸ್ಥಳೀಯ ಆಡಳಿತಗಳಿಗೆ ಇದೆ. ಚಿತ್ರೀಕರಣ ನಡೆದ, ಗ್ರೀನಕ್ ಸೇರಿರುವ ಇನ್ವರ್‌ಕ್ಲೈಡ್ ಪ್ರದೇಶದ ಕೌನ್ಸಿಲ್ ಅದನ್ನೇ ಬಳಸಿ, ತನ್ನ ವ್ಯಾಪ್ತಿಯಲ್ಲಿ ಹದಿನೈದು ತುಂಬಿದವರಿಗೂ ಅವಕಾಶ ನೀಡಿತು.

ಲಿಯಮ್ ಪಾತ್ರಧಾರಿ ಮಾರ್ಟಿನ್ ಕಾಂಪ್‌ಸ್ಟನ್ ಪಳಗಿದ ಬಾಲನಟ ಎನ್ನುವುದೂ ತಪ್ಪು. ಅವರು ಆಗ ಗ್ರೀನಕ್‌ನ ಯುವ ಫುಟ್‌ಬಾಲ್ ಆಟಗಾರ. ಇದು ಅವರ ಮೊದಲ ಚಿತ್ರ. ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದದ್ದು ಪಾಲ್ ಲ್ಯಾವರ್ಟಿ ಅವರ ಚಿತ್ರಕಥೆಗೆ.