ಬೊಟ್ಟು, ಬೋಳುತಲೆ ಬಿಟ್ಟು ಬೇರೆ ಮಾತಾಡುವಾ

ಉಷಾ ಉತ್ತುಪ್ ಅಂದ್ರೆ ದೊಡ್ಡ ಬೊಟ್ಟು, ಕಾಂಜೀವರಂ ಸೀರೆ. ಐರ್ಲೆಂಡಿನ ಹಾಡುಗಾರ್ತಿ ಸಿನೇಡ್ ಓಕಾನರ್ ಅಂದ್ರೆ ಬೋಳುತಲೆ, 1992ರಲ್ಲಿ ಟೀವಿಯಲ್ಲಿ ಪೋಪ್ ಫೋಟೋ ಹರಿದವಳು. ಅಮೆರಿಕದ ಹಾಡುಗಾರ್ತಿ ಬಿಗ್ ಮಾಮಾ ಥಾರ್ನ್‌ಟನ್ ಅಂದ್ರೆ ಗಂಡಸರ ಅಂಗಿ ಪ್ಯಾಂಟು ಹಾಕ್ತಿದ್ದ ದಪ್ಪ ಹೆಂಗಸು. ಪಾಪ್ ಸಂಗೀತದಲ್ಲಿ ಸ್ವಲ್ಪ ಬೇರೆ ಥರ ಇದ್ದ ಹೆಂಗಸರ ಬಗ್ಗೆ ಎಲ್ಲಿ ಓದಿದ್ರೂ ಇದೇ ಕತೆ ಮಾರಾಯ್ರೆ, ಕೂದಲು, ಬಟ್ಟೆ, ಗಲಾಟೆ, ಎಷ್ಟು ಮದುವೆ, ಅಲ್ಲಿಗೆ ಮುಗೀತು.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವ, ಸೌಂಡ್ಸ್ ಲೈಟಿಂಗ್ಸ್ ನನ್ನ ಹೊಟ್ಟೆಪಾಡು. ದೇವಸ್ಥಾನದ ಬ್ರಹ್ಮಕಲಶ, ಯಕ್ಷಗಾನದ ಆಟ, ಗಾನಮೇಳ, ಶಾಲೆ ವಾರ್ಷಿಕೋತ್ಸವ, ಎಲ್ಲಿ ಕರೆದ್ರೂ ಮಿಕ್ಸರಿನ ಹಿಂದೆ ನಿಲ್ಲುವವ. ಹಾಗಾಗಿ ನನ್ನ ತಕರಾರು ಕಸುಬಿನವನ ತಕರಾರು ಅಂತ ಇಟ್ಕೊಳ್ಳಿ. ಒಬ್ಬಳು ಎಂತ ಉಟ್ಟಿದ್ಲು ಅಂತ ಪುಟಗಟ್ಟಲೆ ಬರೀತಾರೆ, ಅವಳ ಗಿಟಾರ್ ಯಾಕೆ ಹಾಗೆ ಕೇಳ್ತಿತ್ತು, ಅವಳ ಸ್ವರ ಮೈಕಿನಲ್ಲಿ ಹೇಗೆ ಕೂತಿತ್ತು ಅನ್ನುದಕ್ಕೆ ಅರ್ಧ ಸಾಲೂ ಇಲ್ಲ. ಇವರು ಮೊದಲು ಬದಲಾಯಿಸಿದ್ದು ಸದ್ದನ್ನು ಸ್ವಾಮಿ, ವೇಷದ ಮಾತು ಆಮೇಲೆ.

ಸಿಸ್ಟರ್ ರೊಸೆಟ್ಟಾ ಥಾರ್ಪ್ ಅಂತ ಒಬ್ರು ಇದ್ರು. 1915ರಲ್ಲಿ ಅಮೆರಿಕದ ಆರ್ಕನ್ಸಾದ ಕಾಟನ್ ಪ್ಲಾಂಟ್ ಅನ್ನುವ ಊರಲ್ಲಿ ಹುಟ್ಟಿದ ಕಪ್ಪು ಹೆಂಗಸು, ಹಾಡ್ತಿದ್ದದ್ದು ಚರ್ಚಿನ ಭಜನೆ, ಆದ್ರೆ ಹೆಗಲಿಗೆ ಎಲೆಕ್ಟ್ರಿಕ್ ಗಿಟಾರ್, ಅದೂ ಆಂಪ್ ಒಡೆದ ಹಾಗೆ ಕೇಳುವಷ್ಟು ವಾಲ್ಯೂಮ್ ಇಟ್ಟು. ದೇವರ ಹಾಡು ಹಾಡುವವಳು 1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿಗೆ ಹೋಗಿ ಹಾಡಿದ್ಲು ಅಂತ ಚರ್ಚಿನವರಿಗೆ ಸಿಟ್ಟು. 1944ರಲ್ಲಿ ರೆಕಾರ್ಡ್ ಮಾಡಿದ ಅವರ ಒಂದು ಹಾಡನ್ನು ರಾಕ್ ಎಂಡ್ ರೋಲಿನ ಮೊದಲ ರೆಕಾರ್ಡ್ ಅಂತಲೇ ಕೆಲವರು ಹೇಳ್ತಾರೆ, ರಾಕ್ ಎಂಡ್ ರೋಲಿನ ರಾಜ ಅನ್ನಿಸಿಕೊಂಡ ಎಲ್ವಿಸ್ ಪ್ರೀಸ್ಲಿಗೆ ಆಗ 9 ವರ್ಷ! 1964ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೈಲು ನಿಂತುಹೋಗಿದ್ದ ಒಂದು ಹಳೇ ಸ್ಟೇಷನ್ನಿನಲ್ಲಿ ಟೀವಿಯವರು ಕಾರ್ಯಕ್ರಮ ಇಟ್ರು, ಈ ಕಡೆ ಪ್ಲಾಟ್‌ಫಾರ್ಮಲ್ಲಿ ಇವರು, ಆ ಕಡೆ ಪ್ಲಾಟ್‌ಫಾರ್ಮಲ್ಲಿ ಜನ, ಸರಿಯಾಗಿ ಮಳೆ. ಇವರು ಕುದುರೆ ಗಾಡಿಯಿಂದ ಇಳಿದು, ಬಿಳಿ ಗಿಟಾರ್ ಹಾಕ್ಕೊಂಡು, ಮೊದಲ ಹಾಡನ್ನೇ ಬದಲಾಯಿಸಿ ಮಳೆಯ ಹಾಡು ಶುರು ಮಾಡ್ತಾರೆ. ಯೂಟ್ಯೂಬಲ್ಲಿ ಉಂಟು, ನೋಡಿ. ಒದ್ದೆ ನೆಲದಲ್ಲಿ ನಿಂತು ಕರೆಂಟಿನ ಗಿಟಾರ್ ಬಾರಿಸುವ ಧೈರ್ಯ ನೋಡಿ ನನಗೆ ಮೊದಲು ನೆನಪಾದದ್ದು ಅರ್ತಿಂಗ್ ಸರಿ ಇತ್ತಾ ಅಂತ, ಹಾಡು ಆಮೇಲೆ! 1973ರಲ್ಲಿ ತೀರಿಕೊಂಡ್ರು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಧಿಗೆ ಹೆಸರಿನ ಕಲ್ಲು ಕೂಡ ಇರ್ಲಿಲ್ಲ. ರಾಕ್ ಎಂಡ್ ರೋಲ್ ಹಾಲ್ ಆಫ್ ಫೇಮಿಗೆ ಸೇರಿಸಿದ್ದು 2018ರಲ್ಲಿ.

ಬಿಗ್ ಮಾಮಾನ ಕತೆ ಇನ್ನೂ ಸಪೂರ. 'ಹೌಂಡ್ ಡಾಗ್' ಮೊದಲು ಹಾಡಿದ್ದು ಅವರು, 1952ರಲ್ಲಿ. ಅದರಿಂದ ತನಗೆ ಸಿಕ್ಕಿದ್ದು 500 ಡಾಲರಿನ ಒಂದು ಚೆಕ್ ಅಂತ ಅವರೇ ಹೇಳ್ತಿದ್ರು. 1956ರಲ್ಲಿ ಎಲ್ವಿಸ್ ಹಾಡಿದ ಮೇಲೆ ಅದು ಲೋಕಪ್ರಸಿದ್ಧ ಆಯ್ತು. ಎರಡನ್ನೂ ಹಿಂದೆಮುಂದೆ ಹಾಕಿ ಕೇಳಿ ನೋಡಿ, ಅಷ್ಟೇ.

ಈಗ ನನ್ನ ಆಸಾಮಿಗೆ ಬರ್ತೇನೆ. ಡೇಲಿಯಾ ಡರ್ಬಿಶೈರ್. ಇವರು ಹಾಡಿದವರಲ್ಲ, ಕುಣಿದವರೂ ಅಲ್ಲ, ಬಟ್ಟೆ ಬಗ್ಗೆ ಮಾತಾಡ್ಲಿಕ್ಕೆ ಎಂತದೂ ಇಲ್ಲ, ಅದಕ್ಕೇ ಇರ್ಬೇಕು ಯಾರಿಗೂ ಹೆಸರು ಗೊತ್ತಿಲ್ಲ. ಕೇಂಬ್ರಿಡ್ಜಿನಲ್ಲಿ ಗಣಿತ, ಸಂಗೀತ ಎರಡೂ ಓದಿದವರು. 1959ರಲ್ಲಿ ಡೆಕ್ಕಾ ರೆಕಾರ್ಡ್ ಕಂಪನಿಗೆ ಕೆಲಸ ಕೇಳಿಕೊಂಡು ಹೋದ್ರೆ ನಮ್ಮ ಸ್ಟುಡಿಯೋಗಳಲ್ಲಿ ಹೆಂಗಸರನ್ನು ತಗೊಳ್ಳುದಿಲ್ಲ ಅಂದ್ರಂತೆ. ಆಮೇಲೆ ಬಿಬಿಸಿ ಸೇರಿ ಅಲ್ಲಿ ವಿಚಿತ್ರ ಸದ್ದು ತಯಾರು ಮಾಡುವ ವಿಭಾಗಕ್ಕೆ ಬಂದ್ರು. 1963ರಲ್ಲಿ 'ಡಾಕ್ಟರ್ ಹೂ' ಅನ್ನುವ ಟೀವಿ ಧಾರಾವಾಹಿಗೆ ರಾನ್ ಗ್ರೇನರ್ ಅನ್ನುವವರು ಒಂದು ಟ್ಯೂನ್ ಬರೆದುಕೊಟ್ರು, ಅದನ್ನು ಸದ್ದು ಮಾಡುದು ಡೇಲಿಯಾ ಕೆಲಸ. ಆಗ ಅವರ ಹತ್ರ ಸಿಂಥಸೈಜರ್ ಇಲ್ಲ. ಒಂದು ತಂತಿ ಮೀಟಿ ರೆಕಾರ್ಡ್ ಮಾಡುದು, ಟೆಸ್ಟಿಂಗಿಗೆ ಇಟ್ಟ ಆಸಿಲೇಟರಿನ ಕೂ ಶಬ್ದ ರೆಕಾರ್ಡ್ ಮಾಡುದು, ಟೇಪಿನ ಸ್ಪೀಡ್ ಹೆಚ್ಚುಕಡಿಮೆ ಮಾಡಿ ಬೇಕಾದ ಸ್ವರಕ್ಕೆ ತರುದು, ಆಮೇಲೆ ಒಂದೊಂದು ಸ್ವರಕ್ಕೂ ಎಷ್ಟು ಉದ್ದ ಬೇಕೋ ಅಷ್ಟು ಟೇಪನ್ನು ಬ್ಲೇಡಿನಲ್ಲಿ ಕೊಯ್ದು ಅಂಟಿಸುದು. ಹೀಗೆ ಪೂರ್ತಿ ಹಾಡು. ಒಂದೇ ಟೇಪಿನಲ್ಲಿ ಬೇರೆ ಬೇರೆ ಸದ್ದು ಕೂಡಿಸುವ ಮಲ್ಟಿಟ್ರ್ಯಾಕ್ ಇಲ್ಲದ್ದರಿಂದ ಎರಡು ಮೂರು ಟೇಪ್ ಮಿಷಿನ್ ಒಟ್ಟಿಗೆ ಓಡಿಸಿ ಮಿಕ್ಸ್ ಮಾಡ್ಬೇಕು, ಎಲ್ಲೋ ಒಂದು ಕಡೆ ತಾಳ ತಪ್ಪಿದ್ದು ಯಾವ ತುಂಡು ಅಂತ ಹುಡುಕ್ಲಿಕ್ಕೆ ಆಫೀಸಿನ ಉದ್ದ ಕಾರಿಡಾರಿನಲ್ಲಿ ಟೇಪುಗಳನ್ನು ಅಕ್ಕಪಕ್ಕ ಹಾಸಿ, ಅಂಟಿಸಿದ ಜಾಗ ಒಂದಕ್ಕೊಂದು ಹೊಂದ್ತದಾ ಅಂತ ನಡ್ಕೊಂಡು ಹೋಗಿ ನೋಡಿದ್ರಂತೆ. ಲೋಹದ ಒಂದು ಹಸಿರು ಲ್ಯಾಂಪ್‌ಶೇಡ್ ಮೇಲೆ ಅವರಿಗೆ ತುಂಬ ಪ್ರೀತಿ, ಅದನ್ನು ಬಡಿದು ಬಂದ ಸದ್ದಿನಿಂದಲೇ ಬೇರೆ ಸಂಗೀತ ಮಾಡಿದ್ದಾರೆ. ಗ್ರೇನರ್ ಕೇಳಿ ಇದು ನಾನು ಬರೆದದ್ದೇನಾ ಅಂತ ದಂಗಾಗಿ ಇವರ ಹೆಸರನ್ನೂ ಹಾಕಿ ಅಂತ ಹೇಳಿದ್ರು, ಬಿಬಿಸಿ ಒಪ್ಪಲಿಲ್ಲ, ಸಿಬ್ಬಂದಿ ಹೆಸರು ಹಾಕುವ ಕ್ರಮ ಇಲ್ಲ ಅಂತ. ಧಾರಾವಾಹಿಯಲ್ಲಿ ಅವರ ಹೆಸರು ಬಂದದ್ದು 50 ವರ್ಷ ಕಳೆದು 2013ರಲ್ಲಿ, ಅವರು ಹೋಗಿ ಆಗ 12 ವರ್ಷ. ಇವತ್ತು ನಮ್ಮ ಹುಡುಗ್ರು ಲ್ಯಾಪ್‌ಟಾಪಿನಲ್ಲಿ ಡೀಜೇ ರೀಮಿಕ್ಸ್ ಅಂತ ಕಟ್ ಪೇಸ್ಟ್ ಮಾಡುದೆಲ್ಲ ಅವರು ಬ್ಲೇಡಿನಲ್ಲಿ ಮಾಡಿ ಇಟ್ಟದ್ದೇ.

ಇಂಗ್ಲೆಂಡಿನ ಹಾಡುಗಾರ್ತಿ ಕೇಟ್ ಬುಶ್ ಬಗ್ಗೆಯೂ ಹೀಗೇ, ಕೆಂಪು ಡ್ರೆಸ್ ಹಾಕಿ ಕೈ ತಿರುಗಿಸಿ ಕುಣಿದವಳು ಅಂತ ನೆನಪಿಟ್ಟಿದ್ದಾರೆ. 1978ರಲ್ಲಿ ಕಂಪನಿಯವರು ಬೇರೆ ಹಾಡನ್ನು ಮೊದಲು ಬಿಡುವಾ ಅಂದಾಗ ಆಗುದಿಲ್ಲ ಅಂತ ಹಟ ಹಿಡಿದು ತನಗೆ ಬೇಕಾದ್ದನ್ನೇ ಬಿಡಿಸಿದ್ಲು, ಬ್ರಿಟನ್ನಿನಲ್ಲಿ ತಾನೇ ಬರೆದು ತಾನೇ ಹಾಡಿ ನಂಬರ್ ಒನ್ ಆದ ಮೊದಲ ಹೆಂಗಸು, ವಯಸ್ಸು 19. ಅದಕ್ಕಿಂತ ನನಗೆ ಇಷ್ಟ 1979ರ ಅವಳ ಟೂರ್. ಹಾಡ್ತಾ ಕುಣೀಬೇಕು, ಕೈಯಲ್ಲಿ ಮೈಕ್ ಹಿಡಿದ್ರೆ ಕೈ ಆಡುದಿಲ್ಲ. ಅವಳ ಸೌಂಡಿನವರು ಬಟ್ಟೆ ನೇತು ಹಾಕುವ ತಂತಿ ಹ್ಯಾಂಗರ್ ಬಗ್ಗಿಸಿ ತಲೆಗೆ ಸಿಕ್ಕಿಸುವ ಹಾಗೆ ಮಾಡಿ ಅದರ ತುದಿಗೆ ಪುಟ್ಟ ಮೈಕ್ ಇಟ್ರು, ವಯರ್‌ಲೆಸ್. ಈಗ ಕೆನ್ನೆ ಹತ್ರ ಕಡ್ಡಿ ಮೈಕ್ ಸಿಕ್ಕಿಸಿಕೊಂಡು ಸ್ಟೇಜ್ ತುಂಬ ಓಡಾಡುವವರೆಲ್ಲ ಆ ಹ್ಯಾಂಗರಿಗೆ ಒಂದು ನಮಸ್ಕಾರ ಹಾಕ್ಬೇಕು. 1985ರ ಅವಳ ಒಂದು ಹಾಡು 37 ವರ್ಷ ಕಳೆದು 2022ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯ್ತು, ಮನೆಯಲ್ಲೇ ಕಟ್ಟಿಸಿದ ಸ್ಟುಡಿಯೋದಲ್ಲಿ ಮಾಡಿದ್ದು.

ಇದೆಲ್ಲ ಇಂಗ್ಲೀಷ್ ದೇಶದ ಕತೆ, ನಮಗೆಂತ ಅಂತ ಕೇಳ್ಬೇಡಿ. ಸ್ವಲ್ಪ ಸಮಯದ ಹಿಂದೆ ಒಂದು ಜಾತ್ರೆಯ ಗಾನಮೇಳ, ಊರು ಹೇಳುದಿಲ್ಲ. ಹಾಡ್ಲಿಕ್ಕೆ ಬಂದ ಹುಡುಗಿಯದ್ದು ದಪ್ಪ ಸ್ವರ, ಕೆಳಗಿನ ಸ್ಥಾಯಿಯಲ್ಲಿ ಎಂತಾ ತೂಕ ಅಂತೀರಿ. ಸೌಂಡ್ ಚೆಕ್ಕಿನ ಹೊತ್ತಿಗೆ ಕಮಿಟಿಯವರೊಬ್ರು ನನ್ನ ಹಿಂದೆ ಬಂದು ನಿಂತು, ಇದೆಂತ ಮಾರಾಯ ಗಂಡು ಸ್ವರ, ಸ್ವಲ್ಪ ಟ್ರೆಬಲ್ ಕೊಡು, ಹೆಂಗಸು ಹಾಡಿದ ಹಾಗೆ ಕೇಳ್ಲಿ ಅಂದ್ರು. ಕಮಿಟಿ ಅಂದ್ರೆ ಪೇಮೆಂಟು, ಕೊಟ್ಟೆ. ಸ್ವರ ಹೋಗಿ ತಗಡಾಯ್ತು. ಹುಡುಗಿ ಹಾಡುದು ನಿಲ್ಲಿಸಿ ಸ್ಟೇಜಿಂದಲೇ, "ಅಣ್ಣಾ, ಹೈ ಯಾಕೆ ಇಷ್ಟು ಎತ್ತಿದ್ರಿ? ನನ್ನ ಲೋ ಎಲ್ಲಿ ಹೋಯ್ತು?" ಅಂತ ಕೇಳಿದ್ಲು. ಕಮಿಟಿಯವರ ಮುಖ ನೋಡ್ಬೇಕಿತ್ತು, ಅವಳಿಗೆ ಹೈ ಲೋ ಎಲ್ಲ ಗೊತ್ತುಂಟಾ ಅಂತ. ನಾನು ಅವಳ ಚಾನೆಲನ್ನು ಮೊದಲಿನ ಹಾಗೆ ಮಾಡಿ, ಎಂತದೂ ಕನೆಕ್ಷನ್ ಇಲ್ಲದ ಒಂದು ಚಾನೆಲಿನ ನಾಬ್ ತಿರುಗಿಸಿ ಈಗ ಸರಿಯಾ ಅಂತ ಅವರನ್ನು ಕೇಳಿದೆ. ಹಾಂ, ಈಗ ಸರಿ ಅಂದು ಹೋದ್ರು. (ಈ ವಿದ್ಯೆ ಎಲ್ಲ ಸೌಂಡಿನವರಿಗೂ ಗೊತ್ತುಂಟು, ಹೊರಗೆ ಹೇಳುದಿಲ್ಲ ಅಷ್ಟೇ.)

ಹೆಣ್ಣು ಸ್ವರ ಅಂದ್ರೆ ತೆಳು, ಮೇಲು ಅಂತ ನಮ್ಮ ಕಿವಿಗೆ ಯಾಕೆ ಕೂತಿದೆ? ನನ್ನ ಲೆಕ್ಕದಲ್ಲಿ ಸಿನಿಮಾದ್ದು ಅರ್ಧ, ಮರಕ್ಕೆ ಕಟ್ಟುವ ಹಳೇ ಹಾರ್ನ್ ಸ್ಪೀಕರಿನದ್ದು ಅರ್ಧ. ಹಾರ್ನಿನಲ್ಲಿ ಲೋ ಬರುದೇ ಇಲ್ಲ, ತೆಳು ಸ್ವರ ಮಾತ್ರ ಗುಡ್ಡೆ ದಾಟಿ ಹೋಗ್ತದೆ, ದಪ್ಪ ಸ್ವರದ ಅರ್ಧ ಭಾಗ ಅಲ್ಲೇ ಕತ್ತರಿ. ಅಂಥ ಕಾಲದಲ್ಲಿ ಉಷಾ ಉತ್ತುಪ್ ಬಂದದ್ದು. ಶಾಲೆಯಲ್ಲಿ ಸಂಗೀತ ಕ್ಲಾಸಿಗೆ ಈ ಸ್ವರ ಆಗುದಿಲ್ಲ ಅಂತ ಹೊರಗೆ ಹಾಕಿದ್ರು, ಅದೇ ಸ್ವರ ಹಿಡ್ಕೊಂಡು 1969ರಲ್ಲಿ ಮದ್ರಾಸಿನ ನೈಟ್‌ಕ್ಲಬ್ಬಿನಲ್ಲಿ ಶುರು ಮಾಡಿ 2024ರಲ್ಲಿ ಪದ್ಮಭೂಷಣದವರೆಗೆ. ನಮ್ಮ ಕೇರಳದಲ್ಲಿ ಮಲಯಾಳ ಹಾಡಿ ಕುಣಿಸಿದವರು. ಆ ಸ್ವರ ಮೈಕಿನಲ್ಲಿ ಬಂದ್ರೆ ಈಕ್ಯೂ, ಅಂದ್ರೆ ಹೈ ಲೋ ಹೊಂದಿಸುವ ನಾಬ್, ಮುಟ್ಟುವ ಕೆಲಸವೇ ಇಲ್ಲ.

ಆಮೇಲೆ ನಾಜಿಯಾ ಹಸನ್. ಕಾಸರಗೋಡಿಗೆ ಪಾಪ್ ಬಂದದ್ದು ಬೆಂಗಳೂರಿನಿಂದ ಅಲ್ಲ, ದುಬಾಯಿಯಿಂದ, ಗಲ್ಫಿನವರ ಟೂ ಇನ್ ವನ್ ಟೇಪ್ ರೆಕಾರ್ಡರಿನ ಒಟ್ಟಿಗೆ. ಬೋನಿ ಎಂ ಅನ್ನುವ ಪಾಪ್ ತಂಡದ ಕ್ಯಾಸೆಟ್, ನಾಜಿಯಾ ಕ್ಯಾಸೆಟ್. (ಬೋನಿ ಎಂನಲ್ಲಿ ಕುಣಿಯುವ ಗಂಡಸು ರೆಕಾರ್ಡಿನಲ್ಲಿ ಹಾಡಿದ್ದೇ ಅಲ್ಲ, ಅದು ಪ್ರೊಡ್ಯೂಸರ್ ಫ್ರಾಂಕ್ ಫೇರಿಯನ್ ಸ್ವರ. ನಿಜಕ್ಕೂ ಹಾಡಿದ ಹೆಂಗಸರು ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್, ಆದ್ರೆ ಎಲ್ಲರಿಗೂ ನೆನಪಿರುದು ಅವನು.) ನಾಜಿಯಾ ಕರಾಚಿಯ ಹುಡುಗಿ, ಲಂಡನ್ನಿನಲ್ಲಿ ಬೆಳೆದದ್ದು. ಹಿಂದಿಯ 'ಕುರ್ಬಾನಿ' ಸಿನಿಮಾಕ್ಕೆ ಅವಳಿಂದ ಹಾಡಿಸಿದ್ದು ಸಂಗೀತಗಾರ ಬಿಡ್ಡು, ಬೆಂಗಳೂರಲ್ಲಿ ಹುಟ್ಟಿದ ಕೊಡವ, ನಮ್ಮವನೇ! 1980ರಲ್ಲಿ ಸಿನಿಮಾ ಬಂದಾಗ ಅವಳಿಗೆ 15. ಬೊಂಬಾಯಿಯ ಲೆಕ್ಕದಲ್ಲಿ ಅದು ಹಾಡುಗಾರ್ತಿಯ ಸ್ವರವೇ ಅಲ್ಲ, ಶಾಲೆ ಹುಡುಗಿ ಮೂಗಿನಲ್ಲಿ ಮಾತಾಡಿದ ಹಾಗೆ. ಅದೇ ಸ್ವರಕ್ಕೆ ಫಿಲ್ಮ್‌ಫೇರ್ ಬಂತು, ಅದರ ಮೇಲೆ ಇಂಡಿಪಾಪ್ ಅನ್ನುವ ನಮ್ಮ ದೇಶದ ಪಾಪ್ ಸಂಗೀತವೇ ನಿಂತಿತು. 2000ದಲ್ಲಿ ಕ್ಯಾನ್ಸರಿನಿಂದ ಹೋದಾಗ ಬರೀ 35.

ಕೊನೆಗೆ ನಮ್ಮ ಮಧೂರಿನ ಯಕ್ಷಗಾನ ಭಾಗವತರು ಲೀಲಾವತಿ ಬೈಪಾಡಿತ್ತಾಯರನ್ನು ಹೇಳದಿದ್ರೆ ಊರವರು ಬೈತೀರಿ. ಪಾಪ್ ಎಲ್ಲಿ ಭಾಗವತಿಕೆ ಎಲ್ಲಿ ಅಂತ ಜಗಳ ಮಾಡುವವರು ಮಾಡಿ, ರಾತ್ರಿಯಿಡೀ ಬಯಲಲ್ಲಿ ಸಾವಿರ ಜನ ಕೂತು ಕೇಳುದು ಜನಪ್ರಿಯ ಸಂಗೀತ ಅಲ್ಲದಿದ್ರೆ ಮತ್ತೆ ಯಾವುದು? ಇವರು ಹುಟ್ಟಿದ್ದು 1947ರಲ್ಲಿ, ಉಷಾ ಉತ್ತುಪ್ ಹುಟ್ಟಿದ ವರ್ಷವೇ. ತೆಂಕುತಿಟ್ಟಿನಲ್ಲಿ, ಅಂದ್ರೆ ನಮ್ಮ ಕಡೆಯ ಯಕ್ಷಗಾನ ಶೈಲಿಯಲ್ಲಿ, ಮೇಳಕ್ಕೆ ಸೇರಿ ಭಾಗವತಿಕೆಯನ್ನೇ ವೃತ್ತಿ ಮಾಡಿಕೊಂಡ ಮೊದಲ ಹೆಂಗಸು. ಭಾಗವತರು ಅಂದ್ರೆ ಆಟಕ್ಕೆ ಹಾಡುವವರು, ಮೊದಲನೇ ವೇಷ ಅಂತಲೇ ಲೆಕ್ಕ, ಇಡೀ ಆಟ ಅವರ ಕೈಯಲ್ಲಿ, ಜಾಗಟೆ ಹಿಡಿದು ಬೆಳಿಗ್ಗೆವರೆಗೆ ಹಾಡ್ಬೇಕು, ಪಕ್ಕದಲ್ಲಿ ಚೆಂಡೆ. ಚೆಂಡೆ ಎದುರು ಒಂದು ಸ್ವರವನ್ನು ಮೇಲೆ ನಿಲ್ಲಿಸುದು ಎಷ್ಟು ಕಷ್ಟ ಅಂತ ಮಿಕ್ಸರ್ ಹಿಡಿದವನಿಗೇ ಗೊತ್ತು, ಅವರು ಅದನ್ನು ಗಂಟಲಿನಲ್ಲೇ ಮಾಡಿದವರು. 2024ರ ಡಿಸೆಂಬರಿನಲ್ಲಿ ತೀರಿಹೋದಾಗ "ಮಹಿಳೆಯಾಗಿಯೂ" ಅಂತ ಶುರು ಮಾಡಿ ಬರೆದವರನ್ನು ತುಂಬ ನೋಡಿದೆ. ಯಾವ ರಾಗಕ್ಕೆ ಎಲ್ಲಿಂದ ಎತ್ತುತ್ತಿದ್ರು, ತಾಳದಲ್ಲಿ ಎಷ್ಟು ಗಟ್ಟಿ ಅಂತ ಬರೆದವರು ಕಡಿಮೆ.

ಮತ್ತೊಂದು ವಿಷಯ ಉಂಟು. ಡೆಕ್ಕಾ ಕಂಪನಿಯನ್ನು ಬೈದದ್ದು ಆಯ್ತು, ನಮ್ಮ ಕಡೆ ಸೌಂಡ್ಸಿನಲ್ಲಿ ಹೆಂಗಸರು ಎಷ್ಟು ಜನ ಇದ್ದಾರೆ? ನನ್ನ ಕಣ್ಣಿಗೆ ಒಬ್ಬರೂ ಬಿದ್ದಿಲ್ಲ. ಈ ಸೀಸನ್ನಿಗೆ ನನಗೆ ಒಬ್ರು ಹೆಲ್ಪರ್ ಬೇಕು, ಹುಡುಗಿಯರೂ ಬನ್ನಿ. ಕೇಬಲ್ ಸರಿಯಾಗಿ ಸುತ್ಲಿಕ್ಕೆ, ಮೈಕ್ ಸ್ಟ್ಯಾಂಡ್ ಇಡ್ಲಿಕ್ಕೆ ಒಂದು ವಾರದಲ್ಲಿ ಕಲಿಸ್ತೇನೆ, ಕಿವಿ ಒಳ್ಳೆಯದಿದ್ರೆ ಮಿಕ್ಸರಿಗೂ ಕೂರಿಸ್ತೇನೆ. ತಡವಾದ್ರೆ ಜೀಪಿನಲ್ಲಿ ಮನೆ ಬಾಗಿಲಿಗೆ ಬಿಡುದು ನನ್ನ ಜವಾಬ್ದಾರಿ, ಸಂಬಳ ಹುಡುಗ್ರಿಗೆ ಕೊಡುವಷ್ಟೇ. ಬೇಸ್ ಬಾಕ್ಸ್ ಎತ್ಲಿಕ್ಕೆ ಹೇಗೂ ನಾಲ್ಕು ಜನ ಬೇಕು, ಒಬ್ಬರಿಂದ ಆಗುವ ಕೆಲಸ ಅಲ್ಲ ಅದು. ಆಸಕ್ತಿ ಇದ್ದವರು ಇನ್‌ಬಾಕ್ಸಿಗೆ ಬನ್ನಿ.