ಯುದ್ಧ ಹೂಡಿದ್ದಕ್ಕೇ ಶಿಕ್ಷೆ: ಟೋಕಿಯೋ ತೀರ್ಪು ನ್ಯಾಯವೇ?

ಪರ

ಎರಡನೇ ಮಹಾಯುದ್ಧ ಮುಗಿದ ಮೇಲೆ ಟೋಕಿಯೋದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಜಪಾನಿನ ನಾಯಕರನ್ನು ವಿಚಾರಿಸಿ, ಯುದ್ಧ ಹೂಡಿದ್ದಕ್ಕೂ ಶಿಕ್ಷೆ ವಿಧಿಸಿತು. ಕಾನೂನು ಹುಟ್ಟುವ ಮೊದಲೇ ಮಾಡಿದ ಕೆಲಸಕ್ಕೆ ಅಲ್ಲಿ ಶಿಕ್ಷೆಯಾಯಿತು ಎನ್ನುವವರು 1928ರ ಆಗಸ್ಟ್ 27ನ್ನು ಮರೆಯುತ್ತಾರೆ. ಅಂದು ಪ್ಯಾರಿಸ್‌ನಲ್ಲಿ ಆದ ಕೆಲಾಗ್-ಬ್ರಿಯಾಂ ಒಪ್ಪಂದಕ್ಕೆ ಜಪಾನೂ ಸಹಿ ಹಾಕಿತು. ಯುದ್ಧವನ್ನು ರಾಷ್ಟ್ರನೀತಿಯ ಸಾಧನವಾಗಿ ಬಳಸುವುದಿಲ್ಲ ಎಂಬುದೇ ಅದರ ಮೊದಲ ವಿಧಿ. ಆ ಮೇಲೂ ಜಪಾನ್ ದಾಳಿ ಮಾಡಿತು: 1931ರಲ್ಲಿ ಚೀನಾದ ಮಂಚೂರಿಯಾ, 1937ರಲ್ಲಿ ಚೀನಾದ ಮೇಲೆ ಪೂರ್ಣ ಯುದ್ಧ, 1941ರಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್.

ಒಪ್ಪಂದದಲ್ಲಿ ಶಿಕ್ಷೆಯ ಪ್ರಸ್ತಾಪವಿಲ್ಲ, ನಿಜ. ಯುದ್ಧದ ನಿಯಮಗಳನ್ನು ಹೇಳುವ 1907ರ ಹೇಗ್ ಒಡಂಬಡಿಕೆಯಲ್ಲೂ ಇಲ್ಲ. ನಿಯಮ ಮುರಿದ ದೇಶ ಪರಿಹಾರ ಕೊಡಬೇಕು ಎಂದಷ್ಟೇ ಅದರ 3ನೇ ವಿಧಿ ಹೇಳುತ್ತದೆ. ಹಾಗಿದ್ದೂ 1921ರಲ್ಲಿ ಜರ್ಮನಿಯ ಲೈಪ್‌ಜಿಗ್ ನ್ಯಾಯಾಲಯ ಮೊದಲ ಮಹಾಯುದ್ಧದ ಇಬ್ಬರು ಜರ್ಮನ್ ಜಲಾಂತರ್ಗಾಮಿ ಅಧಿಕಾರಿಗಳಿಗೆ ತಲಾ 4 ವರ್ಷ ಸೆರೆವಾಸ ವಿಧಿಸಿತು. ಲ್ಯಾಂಡೋವರಿ ಕ್ಯಾಸಲ್ ಎಂಬ ಆಸ್ಪತ್ರೆ ಹಡಗು ಮುಳುಗಿದ ಮೇಲೆ ಅದರ ಲೈಫ್‌ಬೋಟ್‌ಗಳ ಮೇಲೂ ಗುಂಡು ಹಾರಿಸಿದ ಪ್ರಕರಣ ಅದು. ಕಿರಿಯ ಅಧಿಕಾರಿಯನ್ನು ಹಿಡಿಯುವ ಕಾನೂನು ಮಂತ್ರಿಯ ಮುಂದೆ ಮಾತ್ರ ಏಕೆ ನಿಲ್ಲಬೇಕು?

ಟೋಕಿಯೋದಲ್ಲಿ ಗಲ್ಲಿಗೇರಿದ ಏಳು ಮಂದಿಯೂ ಕೈದಿಗಳ, ನಾಗರಿಕರ ಮೇಲಿನ ಕ್ರೌರ್ಯದ ಆರೋಪಗಳಲ್ಲಿ (ಆರೋಪಪಟ್ಟಿಯ 54, 55ನೇ ಆರೋಪಗಳು) ಒಂದರಲ್ಲಾದರೂ ತಪ್ಪಿತಸ್ಥರಾಗಿದ್ದರು ಎಂಬುದನ್ನೂ ಗಮನಿಸಬೇಕು. ಜನರಲ್ ಮತ್ಸುಯಿ ಮೇಲೆ ಆಕ್ರಮಣದ ಆರೋಪ ಸಾಬೀತಾಗಲೇ ಇಲ್ಲ; ಚೀನಾದ ನಾಂಜಿಂಗ್ ನಗರದಲ್ಲಿ ತನ್ನ ಸೈನಿಕರ ಕ್ರೌರ್ಯವನ್ನು ತಡೆಯಲಿಲ್ಲ ಎಂಬ 55ನೇ ಆರೋಪವೊಂದೇ ಅವನನ್ನು ಗಲ್ಲಿಗೆ ಕಳಿಸಿತು. ಹಿರೋಶಿಮಾ ಕಟಕಟೆಗೆ ಬರಲಿಲ್ಲ ಎಂಬುದು ದೊಡ್ಡ ಅನ್ಯಾಯವೇ. ಆ ಅನ್ಯಾಯ ಇನ್ನೊಂದು ವಿಚಾರಣೆಯನ್ನು ಬೇಡುತ್ತದೆ, ಇವರ ಬಿಡುಗಡೆಯನ್ನು ಬೇಡುವುದಿಲ್ಲ.

ವಿರೋಧ

ಲೈಪ್‌ಜಿಗ್ ನ್ಯಾಯಾಧೀಶರ ಕೈಯಲ್ಲಿ ಜರ್ಮನಿಯದೇ ದಂಡ ಸಂಹಿತೆ ಇತ್ತು. ಕೊಲೆ ಅಲ್ಲಿ ಮೊದಲಿನಿಂದಲೂ ಅಪರಾಧ. ಯುದ್ಧ ಆರಂಭಿಸುವುದನ್ನು ಅಪರಾಧ ಎನ್ನುವ ಅಂಥ ಸಂಹಿತೆ ಟೋಕಿಯೋದಲ್ಲಿ ಎಲ್ಲಿತ್ತು? ಇದ್ದದ್ದು 1946ರ ಜನವರಿ 19ರಂದು ಜಪಾನಿನಲ್ಲಿ ಮಿತ್ರಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಮೆಕಾರ್ಥರ್ ಹೊರಡಿಸಿದ, ನ್ಯಾಯಮಂಡಳಿಯನ್ನು ಸ್ಥಾಪಿಸುವ ಸನ್ನದು ಮಾತ್ರ.

ಒಪ್ಪಂದವೂ ಪರ ವಾದಿಸುವವರು ನಂಬಿದಷ್ಟು ಗಟ್ಟಿಯಲ್ಲ. ಆತ್ಮರಕ್ಷಣೆಗೆ ಯುದ್ಧ ಬೇಕೇ ಎಂಬುದನ್ನು ಆಯಾ ದೇಶವೇ ತೀರ್ಮಾನಿಸಬೇಕು ಎಂದು 1928ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಕೆಲಾಗ್ ಅವರೇ ಪತ್ರ ಬರೆದು ಸ್ಪಷ್ಟಪಡಿಸಿದ್ದರು. 11 ನ್ಯಾಯಾಧೀಶರಲ್ಲಿ ಒಬ್ಬರಾದ ಭಾರತದ ರಾಧಾವಿನೋದ ಪಾಲ್ ಹಿಡಿದದ್ದು ಈ ಎಳೆಯನ್ನೇ: ತೀರ್ಮಾನ ತನ್ನದೇ ಆದಾಗ ಉಲ್ಲಂಘನೆ ಅಪರಾಧವಾಗುವುದು ಹೇಗೆ? 25 ಆರೋಪಿಗಳನ್ನೂ ಎಲ್ಲ ಆರೋಪಗಳಿಂದ ಅವರು ಬಿಡುಗಡೆ ಮಾಡಿದರು. ಜಪಾನಿ ಸೈನ್ಯದ ಕ್ರೌರ್ಯವನ್ನು ಅವರು ಅಲ್ಲಗಳೆಯಲಿಲ್ಲ. ಅದಕ್ಕೆ ಸಾಕ್ಷ್ಯ ಧಾರಾಳವಾಗಿದೆ ಎಂದೇ ಬರೆದರು. ಇಂದು ಅವರನ್ನು ಜಪಾನಿನ ವಕೀಲರಂತೆ ಉಲ್ಲೇಖಿಸುವವರು ಆ ಪುಟಗಳನ್ನು ದಾಟಿಹೋಗುತ್ತಾರೆ.

ಗಲ್ಲಿನ ಲೆಕ್ಕವನ್ನೇ ಕೊಟ್ಟರೆ ಸಾಲದು, ಜೀವಾವಧಿಯದನ್ನೂ ನೋಡಬೇಕು. ಆ ಶಿಕ್ಷೆ ಪಡೆದ 16 ಮಂದಿಯಲ್ಲಿ 14 ಮಂದಿಯ ಮೇಲೆ ಕ್ರೌರ್ಯದ ಒಂದು ಆರೋಪವೂ ಸಾಬೀತಾಗಲಿಲ್ಲ. ಬರ್ಲಿನ್‌ನಲ್ಲಿ ರಾಯಭಾರಿಯಾಗಿದ್ದ ಓಶಿಮಾ ಹಿರೋಶಿ 1ನೇ ಆರೋಪವೊಂದರಲ್ಲೇ, ಅಂದರೆ ಯುದ್ಧದ ಒಳಸಂಚಿನಲ್ಲಿ, ತಪ್ಪಿತಸ್ಥ. ಒಳಸಂಚನ್ನೇ ಸ್ವತಂತ್ರ ಅಪರಾಧವಾಗಿ ಕಾಣುವುದು ಆಂಗ್ಲೋ-ಅಮೆರಿಕನ್ ಪದ್ಧತಿ. ಪೂರ್ವಾನ್ವಯ ಶಿಕ್ಷೆ, ಅಂದರೆ ಕೃತ್ಯದ ನಂತರ ಬಂದ ಕಾನೂನಿನಿಂದ ಶಿಕ್ಷಿಸುವುದು, ಎಂದರೆ ಇದೇ. ನಮ್ಮ ಸಂವಿಧಾನದ 20(1)ನೇ ವಿಧಿ ಇದನ್ನು ನೇರವಾಗಿ ನಿಷೇಧಿಸುತ್ತದೆ.

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕಾಗಿ ಆಕ್ರಮಣದ ವ್ಯಾಖ್ಯೆಯನ್ನು ದೇಶಗಳು ಒಪ್ಪಿದ್ದು 2010ರಲ್ಲಿ, ಕಂಪಾಲಾದಲ್ಲಿ. ಆಕ್ರಮಣವನ್ನು ವಿಚಾರಿಸುವ ಅಧಿಕಾರ ಆ ನ್ಯಾಯಾಲಯಕ್ಕೆ ಜಾರಿಯಾದದ್ದು 2018ರ ಜುಲೈ 17ರಂದು, ಅದೂ ಮುಂದಿನ ಕೃತ್ಯಗಳಿಗೆ ಮಾತ್ರ.