ಉಳಿದ 38 ಯಾರ ಜೇಬಿಗೆ?

ಪೆಟ್ರೋಲ್ ಪಂಪಿನ ಮುಂದೆ ನಿಂತವರಿಗೆ ನೋಡಲು ಇರುವ ಅಂಕಿ ಮೂರೇ: ಲೀಟರಿನ ದರ, ಎಷ್ಟು ಲೀಟರು, ಎಷ್ಟು ದುಡ್ಡು. ಅದರಲ್ಲೂ ಎಷ್ಟು ಲೀಟರು ಎಂಬುದರ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಸಾರ್ವಜನಿಕ ಇವಿ ಚಾರ್ಜರಿನ, ಅಂದರೆ ಎಲೆಕ್ಟ್ರಿಕ್ ಕಾರಿಗೆ ಕರೆಂಟು ತುಂಬುವ ಯಂತ್ರದ, ಸ್ಕ್ರೀನು ಹಾಗಲ್ಲ, ಅದಕ್ಕೆ ಏನನ್ನೂ ಮುಚ್ಚಿಡುವ ಸ್ವಭಾವವೇ ಇಲ್ಲ. ವೋಲ್ಟು, ಆಂಪ್ಸು, ಕಿಲೋವ್ಯಾಟು, ಕಿಲೋವ್ಯಾಟ್ ಅವರ್, ಬ್ಯಾಟರಿಯ ಶೇಕಡಾ ಲೆಕ್ಕ, ಕಳೆದ ಸಮಯ, ಉಳಿದ ಸಮಯ, ಬಿಲ್ಲು, ಇವುಗಳ ಕೆಳಗೆ ಹುಟ್ಟಿದವರು ಯಾರೂ ಓದದ ಮಾರುದ್ದದ ಸೆಷನ್ ಐಡಿ. ನಮಗೆ ಬೇಕಿರುವುದು ಒಂದೇ ಮಾತು, ಎಷ್ಟೊತ್ತಿಗೆ ಹೊರಡಬಹುದು ಅಂತ. ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅದು ಹೇಳುತ್ತದೆ.

ನನ್ನ ಭಾವಮೈದುನ ಜೊತೆಗಿದ್ದರೆ ಈ ಎಲ್ಲ ಅಂಕಿಗಳಿಗೂ ಅರ್ಥ ಸಿಗುತ್ತದೆ, ಒಂದೊಂದಕ್ಕೆ ಎರಡೆರಡು. ಯಂತ್ರ ಯಾವುದೇ ಇರಲಿ, ಅದು ನಮಗೆ ಮೋಸ ಮಾಡುತ್ತಿದೆ ಎಂಬಲ್ಲಿಂದಲೇ ಅವನ ವಿಚಾರಣೆ ಶುರು.

ಓದುವುದಕ್ಕಾದರೂ ಮೊದಲು ಅದು ಕಾಣಬೇಕಲ್ಲ. ಈ ಚಾರ್ಜರುಗಳನ್ನು ನೆಡುವವರು ದಿಕ್ಸೂಚಿ ಹಿಡಿದುಕೊಂಡು ಬಂದು, ಸ್ಕ್ರೀನಿಗೆ ಮಧ್ಯಾಹ್ನವಿಡೀ ಬಿಸಿಲು ರಾಚುವ ದಿಕ್ಕನ್ನೇ ಹುಡುಕುತ್ತಾರೆಂದು ನನ್ನ ಗುಮಾನಿ. ಒಬ್ಬರು ಛತ್ರಿ ಹಿಡಿದು, ಇನ್ನೊಬ್ಬರು ಎರಡೂ ಕೈಯಿಂದ ಮರೆ ಮಾಡಿ, ಮೂಗನ್ನು ಗಾಜಿಗೆ ತಾಗಿಸಿ ನೋಡಬೇಕು. ಹಾಗೆ ನೋಡಿದಾಗ ಕಂಡದ್ದು ನನ್ನದೇ ಮುಖ, ಹಣೆಯ ಮೇಲೆ 346 ವೋಲ್ಟ್.

ಗನ್, ಅಂದರೆ ಚಾರ್ಜರಿನ ಕೇಬಲ್ಲಿನ ತುದಿಯ ಪ್ಲಗ್ಗು, ಕಾರಿಗೆ ಸಿಕ್ಕಿಸಿದ ಮೇಲೆ 'ಪ್ರಿಪೇರಿಂಗ್' ಅಂತ ಬರುತ್ತದೆ. ಒಳಗೆಲ್ಲೋ ಟಕ್ ಅನ್ನುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ವೇಗದ ಡಿಸಿ ಚಾರ್ಜಿಂಗಿನಲ್ಲಿ ನಿಜವಾದ ಕರೆಂಟು ಬಿಡುವ ಮೊದಲು ಯಂತ್ರ ತನ್ನ ಕೇಬಲ್ಲನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಎಲ್ಲಾದರೂ ಇನ್ಸುಲೇಷನ್ ಹೋಗಿ ಮೈಗೆ ಕರೆಂಟು ಸೋರುತ್ತಿದೆಯೇ ಅಂತ ನೋಡಿಕೊಂಡೇ ಮುಂದಿನ ಹೆಜ್ಜೆ. ಇದಕ್ಕೆ ಕೆಲವು ಸೆಕೆಂಡು ಬೇಕು. ಭಾವಮೈದುನನ ತಾಳ್ಮೆ ಅದಕ್ಕಿಂತ ಒಂದೆರಡು ಸೆಕೆಂಡು ಗಿಡ್ಡ. 'ಹ್ಯಾಂಗ್ ಆಗಿದೆ ಭಾವ' ಅಂದವನೇ ಗನ್ ಕಿತ್ತು ಮತ್ತೆ ಸಿಕ್ಕಿಸಿದ. ಯಂತ್ರ ಮೊದಲಿನಿಂದ ಶುರು ಮಾಡಿತು, ಪ್ರಿಪೇರಿಂಗ್, ಟಕ್. ಅವನೂ ಮೊದಲಿನಿಂದ ಶುರು ಮಾಡಿದ. ಕೊನೆಗೆ ಅವನನ್ನು ನೀರಿನ ಬಾಟಲಿ ತರಲು ಕಳಿಸಿದ ಮೇಲೆ ಚಾರ್ಜಿಂಗ್ ಆರಂಭವಾಯಿತು.

ಬಾಟಲಿ ಹಿಡಿದು ಬಂದವನು ಸ್ಕ್ರೀನು ನೋಡಿದ, ಯಂತ್ರದ ಹೊಟ್ಟೆಯ ಮೇಲೆ ಬರೆದದ್ದನ್ನು ನೋಡಿದ, ಮತ್ತೆ ಸ್ಕ್ರೀನು ನೋಡಿದ.

'ಭಾವ, ಇಲ್ಲಿ 60 ಕಿಲೋವ್ಯಾಟ್ ಅಂತ ಬರೆದಿದ್ದಾರೆ. ಕೊಡ್ತಿರೋದು 22. ಉಳಿದ 38 ಯಾರ ಜೇಬಿಗೆ?'

ತೆಗೆದುಹಾಕುವಂಥ ಪ್ರಶ್ನೆಯಲ್ಲ ಇದು. ಚಾರ್ಜರಿನ ಮುಂದೆ ನಿಂತ ಎಲ್ಲರ ಹೊಟ್ಟೆಯಲ್ಲೂ ಇದೇ ಉರಿ ಇರುತ್ತದೆ, ಇವನಷ್ಟು ಗಟ್ಟಿಯಾಗಿ ಕೇಳುವುದಿಲ್ಲ ಅಷ್ಟೆ. ಯಂತ್ರ ಕರೆಂಟನ್ನು ಕಾರಿನೊಳಗೆ ತುರುಕುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಅಲ್ಲಿ ನಡೆಯುವುದು ತಿರುಗಾಮುರುಗಾ. ಕೇಳುವುದು ಕಾರು. ಬ್ಯಾಟರಿ ಎಷ್ಟು ಬಿಸಿಯಾಗಿದೆ, ಎಷ್ಟು ತುಂಬಿದೆ ಎಂದು ಲೆಕ್ಕ ಹಾಕಿ, 'ಈಗ ನನಗೆ ಇಷ್ಟು ಆಂಪ್ಸ್ ಸಾಕು' ಎನ್ನುತ್ತದೆ. ಯಂತ್ರ ಅಷ್ಟನ್ನು ಕೊಡುತ್ತದೆ. ಸೆಕೆಂಡಿಗೆ ಹಲವು ಬಾರಿ ಈ ಮಾತುಕತೆ, ಗನ್ನಿನಲ್ಲಿರುವ ಒಂದು ಸಣ್ಣ ಪಿನ್ನಿನ ಮೂಲಕ. 60 ಎನ್ನುವುದು ಯಂತ್ರದ ತಾಕತ್ತು, 22 ಎನ್ನುವುದು ಕಾರಿನ ಹಸಿವು. ಸ್ಕ್ರೀನು ನಮ್ಮೊಡನೆ ಮಾತಾಡುತ್ತಲೇ ಇಲ್ಲ. ಅವರಿಬ್ಬರು ಆಡಿಕೊಂಡದ್ದನ್ನು ಹೊರಗೆ ನಿಂತವರಿಗೆ ಓದಿ ಹೇಳುತ್ತಿದೆ.

ಇದನ್ನು ಹೇಳಿದೆ. 'ಹಾಗಂತ ಕಾರು ನಿಮಗೆ ಹೇಳಿತಾ?' ಅಂದ. ಸರಿ, ನೀನೇ ಲೆಕ್ಕ ಮಾಡು ಎಂದೆ. ವೋಲ್ಟನ್ನು ಆಂಪ್ಸಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಕಿಲೋವ್ಯಾಟು. 346 ವೋಲ್ಟು, 64 ಆಂಪ್ಸು. ಮೊಬೈಲ್ ತೆಗೆದು ಗುಣಿಸಿದ. 22.1 ಬಂತು. ಮೋಸ ಸಿಗದ ಬೇಜಾರು ಅವನ ಮುಖದಲ್ಲಿ ಸುಮಾರು ಹೊತ್ತು ಇತ್ತು. ಈ ಅಳತೆಗಳಿಗೆ ಹೆಸರು ಕೊಟ್ಟ ವೋಲ್ಟಾ, ಆಂಪಿಯರ್, ವ್ಯಾಟ್, ಮೂವರ ಹೆಸರೂ ಒಂದೇ ಸ್ಕ್ರೀನಿನಲ್ಲಿ ಸಾಲಾಗಿ ನಿಂತಿವೆ. ಇವರಲ್ಲಿ ಜೇಮ್ಸ್ ವ್ಯಾಟ್ ಉಗಿಯಂತ್ರದ ಮನುಷ್ಯ, 1819ರಲ್ಲೇ ತೀರಿಕೊಂಡ. ವಿದ್ಯುತ್ತಿನ ಗೋಜಿಗೆ ಹೋಗದಿದ್ದವನ ಹೆಸರಿನಲ್ಲಿ ಈಗ ನಮ್ಮ ಭಾವ ಭಾವಮೈದುನರ ಜಗಳ.

ಕಿಲೋವ್ಯಾಟಿಗೂ ಕಿಲೋವ್ಯಾಟ್ ಅವರ್‌ಗೂ ನಡುವೆ ನಡೆದ ಒಂದು ಜಗಳಕ್ಕೆ ನಾನೇ ಸಾಕ್ಷಿ. ಪಕ್ಕದ ಗನ್ನಿನವರೊಬ್ಬರು ಬಂದು 'ಇವತ್ತು 18 ಬರ್ತಾ ಇದೆ' ಎಂದರು. ಭಾವಮೈದುನ 'ನಮಗೆ 22' ಎಂದ. ಅವರು 'ಇರಿ, ನಮ್ಮದು ಏರ್ತಾ ಇದೆ' ಎಂದರು. ಇವನು 'ನಮ್ಮದು ಇಳೀತಾ ಇದೆ' ಎಂದ. ಅವರಿಗೆ ಕನಿಕರ ಹುಟ್ಟಿತು: 'ಇಳಿಯೋಕೆ ಹೇಗೆ ಸಾಧ್ಯ? ಒಳಗೆ ಹೋದದ್ದು ವಾಪಸ್ ಬರ್ತಿದೆಯಾ?' ಅವರು ನೋಡುತ್ತಿದ್ದದ್ದು ಕಿಲೋವ್ಯಾಟ್ ಅವರ್. ಎಂದರೆ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್ಟು, ಇಲ್ಲಿಯವರೆಗೆ ಒಳಗೆ ಹೋದ ಒಟ್ಟು ಮೊತ್ತ. ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಇವನು ನೋಡುತ್ತಿದ್ದದ್ದು ಕಿಲೋವ್ಯಾಟ್, ಈ ಗಳಿಗೆಯ ವೇಗ. ಅದು ಮನಸ್ಸು ಬಂದಂತೆ ಏರಿ ಇಳಿಯುತ್ತದೆ. ಇಬ್ಬರೂ ಹೇಳುತ್ತಿದ್ದದ್ದು ಸರಿಯೇ ಆದ್ದರಿಂದ ಯಾರೂ ಸೋಲಲಿಲ್ಲ, ಜಗಳವೂ ಮುಗಿಯಲಿಲ್ಲ. ನಾನು ಮಧ್ಯೆ ಹೋಗಲಿಲ್ಲ. ಹೊತ್ತು ಹೋಗಬೇಕಿತ್ತು.

ಕೆಲವು ಯಂತ್ರಗಳಿಗೆ ಗನ್ ಎರಡಿದ್ದರೂ ಒಳಗಿನ ತಾಕತ್ತು ಒಂದೇ. ಒಬ್ಬರೇ ಇದ್ದಾಗ ಪೂರ್ತಿ ನಮಗೆ, ಇನ್ನೊಬ್ಬರು ಬಂದರೆ ಹಂಚಿಕೆ. ಹೆದ್ದಾರಿಯ ಪಕ್ಕದ ಒಂದು ಚಾರ್ಜರಿನಲ್ಲಿ ನಮಗೆ 44 ಓಡುತ್ತಿತ್ತು. ಒಂದು ಕಾರು ಬಂದು ನಿಂತಿತು. ಇಳಿದವರು ನಕ್ಕರು, ನಾವೂ ನಕ್ಕೆವು. ಅವರು ಗನ್ ಸಿಕ್ಕಿಸಿದ ಸ್ವಲ್ಪ ಹೊತ್ತಿಗೆ ನಮ್ಮ ಅಂಕಿ 30ಕ್ಕೆ ಬಂದು ಕೂತಿತು. ಆಮೇಲೆ ಯಾರೂ ನಗಲಿಲ್ಲ. ಅವರ ಬ್ಯಾಟರಿ ಶೇಕಡಾ 71 ಇರುವುದನ್ನು ಸ್ಕ್ರೀನೇ ನಮಗೆ ಚಾಡಿ ಹೇಳಿತು. '71 ಇಟ್ಕೊಂಡು ಚಾರ್ಜಿಗೆ ಬರ್ತಾರಲ್ಲ' ಎಂದು ಭಾವಮೈದುನ ಆಕಾಶಕ್ಕೆ ಹೇಳಿದ. ಆಕಾಶ ಅವರಿಗೆ ಕೇಳಿಸುವಷ್ಟು ಹತ್ತಿರದಲ್ಲಿತ್ತು.

ಈ ಶೇಕಡಾ ಲೆಕ್ಕವನ್ನೂ ಕಾರೇ ಹೇಳಬೇಕು, ಯಂತ್ರಕ್ಕೆ ತಾನಾಗಿ ತಿಳಿಯದು. ನಿಧಾನದ ಎಸಿ ಚಾರ್ಜರುಗಳಲ್ಲಿ ಸಾಮಾನ್ಯವಾಗಿ ಇಂಥ ಮಾತುಕತೆ ಇರುವುದಿಲ್ಲ. 'ಗನ್ ಬಂದಿದೆ', 'ಇಷ್ಟರವರೆಗೆ ಎಳೆದುಕೋ' ಎಂಬ ಸನ್ನೆಗಳು ಮಾತ್ರ. ಹಾಗಾಗಿ ಅವುಗಳಲ್ಲಿ ಶೇಕಡಾ ಕಾಣುವುದಿಲ್ಲ. ಇದು ಗೊತ್ತಿಲ್ಲದೆ ಭಾವಮೈದುನ ಅಂಥದ್ದೊಂದರ ಗಾಜನ್ನು ಕರ್ಚೀಫಿನಿಂದ ಉಜ್ಜಿದ್ದೇ ಉಜ್ಜಿದ್ದು. ಧೂಳಿನ ಕೆಳಗೆ ಇರಬಹುದು ಅಂತ.

ನಿಜವಾಗಿ ಮನೆ ಮುರಿಯುವ ಅಂಕಿ ಎಂದರೆ 'ಉಳಿದ ಸಮಯ'. ಅದು 14 ನಿಮಿಷ ಎಂದಿತು. ನನ್ನ ಹೆಂಡತಿ ಕೈಲಿದ್ದ ಪುಸ್ತಕ ಮುಚ್ಚಿದಳು. ಭಾವಮೈದುನ ಎಲ್ಲರಿಗೂ ಕಾರು ಹತ್ತಲು ಅಪ್ಪಣೆ ಮಾಡಿ, ಮಕ್ಕಳಿಗೆ ಸೀಟ್ ಬೆಲ್ಟ್ ಹಾಕಿಸಿ, ಸ್ಕ್ರೀನಿನ ಮುಂದೆ ನಿಂತು ಗಟ್ಟಿಯಾಗಿ ಎಣಿಸತೊಡಗಿದ. ಮೂರು ನಿಮಿಷ, ಎರಡು, ಒಂದು. ಬ್ಯಾಟರಿ ಶೇಕಡಾ 80 ಮುಟ್ಟಿತು. ಉಳಿದ ಸಮಯ 37 ನಿಮಿಷ ಎಂದಾಯಿತು.

ಅವನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಆದರೆ ಸ್ಕ್ರೀನು ಸುಳ್ಳು ಹೇಳಿರಲಿಲ್ಲ. ಕಾರು ಎರಡು ಬಗೆಯ ಸಮಯ ಕಳಿಸಬಹುದು: ಬಹುಪಾಲು ತುಂಬಲು ಎಷ್ಟು, ಪೂರ್ತಿ ತುಂಬಲು ಎಷ್ಟು. ಮೊದಲನೆಯದು ಸಾಮಾನ್ಯವಾಗಿ ಶೇಕಡಾ 80ರ ಆಸುಪಾಸಿನದು. ಯಾವುದನ್ನು ತೋರಿಸುತ್ತಿದ್ದೇನೆಂದು ಬರೆಯುವ ಸೌಜನ್ಯ ಸ್ಕ್ರೀನಿಗಿಲ್ಲ, ಅಷ್ಟೆ. ಇದು ಮಾತ್ರ ಯಂತ್ರ ಮಾಡಿದವರದ್ದೇ ತಪ್ಪು, ಎರಡು ಪದ ಬರೆಯಲು ಅಲ್ಲಿ ಬೇಕಾದಷ್ಟು ಜಾಗವಿದೆ. ಇನ್ನು ಕೊನೆಯ 20ಕ್ಕೆ ಅಷ್ಟೊಂದು ಹೊತ್ತು ಏಕೆಂದರೆ, ತುಂಬುತ್ತ ಬಂದ ಲಿಥಿಯಂ ಬ್ಯಾಟರಿಗೆ ಜೋರಾಗಿ ಕರೆಂಟು ಹರಿಸಿದರೆ ಬ್ಯಾಟರಿಯಲ್ಲಿರುವ ಗ್ರಾಫೈಟಿನ ಒಳಗೆ ಸೇರಬೇಕಾದ ಲಿಥಿಯಂ ಅದರ ಮೇಲೆಯೇ ಲೋಹವಾಗಿ ಕೂತುಬಿಡುತ್ತದೆ, ಬ್ಯಾಟರಿಯ ಆಯುಸ್ಸು ಸವೆಯುತ್ತದೆ. ಅದಕ್ಕೇ ಕಾರು ತಾನಾಗಿ ಬೇಡಿಕೆ ಇಳಿಸುತ್ತ ಹೋಗುತ್ತದೆ. ಹಲವು ಕಾರುಗಳ ಜಾಹೀರಾತು 10ರಿಂದ 80ರವರೆಗಿನ ಸಮಯವನ್ನಷ್ಟೇ ಹೆಮ್ಮೆಯಿಂದ ಹೇಳಿ, ಮುಂದಿನದರ ಬಗ್ಗೆ ಮೌನ ವಹಿಸುವುದೂ ಇದೇ ಕಾರಣಕ್ಕೆ.

ಇದನ್ನೆಲ್ಲ ವಿವರಿಸುವಾಗ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದ ಮಕ್ಕಳು ಯಾವ ನಿಮಿಷವನ್ನು ನಂಬಬೇಕೆಂದು ಕೇಳಿದರು. ಯಾವುದನ್ನೂ ಬೇಡ, ಇಳಿದು ಆಡಿಕೊಳ್ಳಿ ಎಂದೆ.

ಇನ್ನು ಆ ಕೆಂಪು ಗುಂಡಿ. ಯಂತ್ರದ ಮೇಲೆ ಗುಂಡಿಯಂತೆ ಕಾಣುವ ಗುಂಡಿ ಅದೊಂದೇ ಆದ್ದರಿಂದ, ಚಾರ್ಜಿಂಗ್ ಸಾಕು ಎನಿಸಿದವರು ಅದನ್ನೇ ಒತ್ತಿ ನಡೆದುಬಿಡುತ್ತಾರೆ. ಮುಂದೆ ಬಂದವರಿಗೆ ಸ್ಕ್ರೀನಿನಲ್ಲಿ ಕಾಣುವುದು 'ಎಮರ್ಜೆನ್ಸಿ ಸ್ಟಾಪ್ ಪ್ರೆಸ್ಡ್'. ಸಾಮಾನ್ಯವಾಗಿ ಆ ಗುಂಡಿಯನ್ನು ತಿರುಗಿಸಿದರೆ ಮೇಲೆ ಬರುತ್ತದೆ. ಒಮ್ಮೆ ನಾನು ಹಾಗೆ ತಿರುಗಿಸಿ ಸರಿಮಾಡಿ, ಬಗ್ಗಿ ಗನ್ ಎತ್ತುವಷ್ಟರಲ್ಲಿ ಭಾವಮೈದುನ ಪಕ್ಕದಿಂದ ಕೈ ಹಾಕಿ ಅದನ್ನು ಮತ್ತೆ ಒತ್ತಿದ. 'ಪ್ರೆಸ್ ಅಂತ ಬರೆದಿದೆಯಲ್ಲ' ಎಂದ. 'ಸಸ್ಪೆಂಡೆಡ್ ಇವಿ' ಎಂದು ಬಂದ ದಿನವೂ ಹಾಗೆಯೇ. ಕಾರು ಸದ್ಯಕ್ಕೆ ಕರೆಂಟು ಬೇಡವೆಂದಿದೆ ಎಂಬುದು ಅದರ ತಾತ್ಪರ್ಯ. ಇವನು ಗಾಬರಿಯಾಗಿ, 'ಸಸ್ಪೆಂಡ್ ಮಾಡುವಂಥದ್ದು ಏನು ಮಾಡಿತು ಭಾವ ನಮ್ಮ ಕಾರು?' ಎಂದಿದ್ದ.

ಎಲ್ಲ ಮುಗಿದ ಮೇಲೆ ಸ್ಕ್ರೀನು ಧನ್ಯವಾದ ಹೇಳಿ ಗನ್ ತೆಗೆಯಿರಿ ಎನ್ನುತ್ತದೆ. ಗನ್ ಬರುವುದಿಲ್ಲ. ಏಕೆಂದರೆ ಅದನ್ನು ಕಚ್ಚಿ ಹಿಡಿದಿರುವುದು ಕಾರು. ಕಾರು ಲಾಕ್ ಆಗಿದ್ದರೆ ಗನ್ನೂ ಲಾಕ್. ಈ ವಿಷಯ ಸ್ಕ್ರೀನಿಗೆ ಸಂಬಂಧಿಸಿದ್ದಲ್ಲ. ಅದು ಶಾಂತವಾಗಿ, ಜಾಗ ಬಿಡದೆ ನಿಂತದ್ದಕ್ಕೆ ಹೆಚ್ಚುವರಿ ಶುಲ್ಕ ಎಣಿಸಲು ಶುರು ಮಾಡುತ್ತದೆ. ಭಾವಮೈದುನ ಬಂಪರಿಗೆ ಕಾಲು ಕೊಟ್ಟು ಎರಡೂ ಕೈಯಲ್ಲಿ ಎಳೆಯುತ್ತಿದ್ದ, ಕತ್ತಿನ ನರ ಉಬ್ಬಿತ್ತು. ನನ್ನ ಹೆಂಡತಿ ದೂರದಿಂದಲೇ ಬ್ಯಾಗಿನಿಂದ ಕೀ ತೆಗೆದು ಅನ್‌ಲಾಕ್ ಒತ್ತಿದಳು. ಗನ್ ಸಮೇತ ಅವನು ಹಿಂದಕ್ಕೆ ಹೋಗಿ ಕೂತ.

'ನೋಡು ಅಕ್ಕಾ,' ಪ್ಯಾಂಟು ಕೊಡವಿಕೊಳ್ಳುತ್ತ ಹೇಳಿದ, 'ನಾನು ಮೊದಲೇ ಸಡಿಲ ಮಾಡಿಟ್ಟಿದ್ದೆ.'